ಮೂರನೇ ಪುಸ್ತಕದ ನಲ್ಲಿ

ಕಾದಂಬರಿ ಬರೆಯಬೇಕೆಂದು ಕುಳಿತ ಮೇಲೆಯೇ ವಕೀಲೆಗೆ ಗೊತ್ತಾದದ್ದು, ತನಗೆ ಬರೆಯಲು ಬರುವುದಿಲ್ಲವೆಂದು. ಮೂವತ್ತು ವರ್ಷ ಕ್ರಿಮಿನಲ್ ಕೇಸು ನಡೆಸಿದವಳು; ಅರ್ಜಿ, ಆಕ್ಷೇಪಣೆ, ಮೇಲ್ಮನವಿ ಎಂದು ಮೂಟೆಗಟ್ಟಲೆ ಕಾಗದ ಹೊರಡಿಸಿದ್ದಳು. ಆದರೆ ಅದೆಲ್ಲ ಬಾಯಲ್ಲಿ ಹೇಳಿದ್ದು. ಕೈ ಹಿಂದಕ್ಕೆ ಕಟ್ಟಿಕೊಂಡು ಈ ಗೋಡೆಯಿಂದ ಆ ಗೋಡೆಗೆ ಓಡಾಡುತ್ತ ಹೇಳುವುದು ಅವಳ ಕೆಲಸ, ಅದನ್ನು ಅಕ್ಷರಕ್ಕಿಳಿಸುವುದು ಟೈಪಿಸ್ಟಿನ ಕೆಲಸ. ಐವತ್ತಾರಕ್ಕೆ ಕಪ್ಪು ಕೋಟನ್ನು ಮೊಳೆಗೆ ನೇತುಹಾಕಿ, ಹೊಸ ನೋಟುಪುಸ್ತಕ ಬಿಚ್ಚಿ ಕುಳಿತರೆ ನಾಲ್ಕು ದಿನವಾದರೂ ನಾಲ್ಕು ಸಾಲು ದಾಟಲಿಲ್ಲ. ಐದನೆಯ ದಿನ ಟೈಪಿಸ್ಟಿಗೆ ಫೋನು ಮಾಡಿ, "ನಾಳೆಯಿಂದ ಬರ್ತೀಯಾ? ಕೇಸಲ್ಲ, ಕಥೆ. ಕೊಲೆ ಕಥೆ," ಎಂದಳು.

ಆ ಕಡೆಯಿಂದ ಬಂದ ಪ್ರಶ್ನೆ ಒಂದೇ. "ಎಷ್ಟು ಕಾಪಿ, ಮೇಡಂ?"

ಹೀಗೆ ಇಬ್ಬರೂ ಮತ್ತೆ ಅದೇ ಕೋಣೆಗೆ ಬಂದು ಸೇರಿದರು. ಕಾನೂನು ಪುಸ್ತಕಗಳ ಕಪಾಟು ಇದ್ದಲ್ಲೇ ಇತ್ತು. ಬಾಗಿಲ ಬಳಿಯ ಬೆಂಚಿನ ಮೇಲೆ ಕಕ್ಷಿಗಾರರು ಮಾತ್ರ ಇರಲಿಲ್ಲ. ಕೋಣೆಯ ನಿಯಮಗಳೂ ಹಳೆಯವೇ. ಒಂದು ಪುಟ ಮುಗಿದ ಕೂಡಲೇ ವಕೀಲೆ ಕಿಟಕಿಯತ್ತ ತಿರುಗಿ ನಿಂತು "ಓದಿ ಹೇಳು" ಅನ್ನುವಳು. ಟೈಪಿಸ್ಟ್ ಏರಿಳಿತವಿಲ್ಲದ ದನಿಯಲ್ಲಿ, ಅಲ್ಪವಿರಾಮ ಪೂರ್ಣವಿರಾಮ ಸಮೇತ, ಓದಿ ಹೇಳುವಳು. ತಿದ್ದುವುದಿದ್ದರೆ ವಕೀಲೆಯೇ ತಿದ್ದಿ, ಅದರ ಪಕ್ಕದ ಅಂಚಿನಲ್ಲಿ ಚಿಕ್ಕ ಸಹಿ ಹಾಕುವಳು. ಸಹಿಯಿಲ್ಲದ ತಿದ್ದುಪಡಿ ಕೋರ್ಟಿನಲ್ಲಿ ನಿಲ್ಲುವುದಿಲ್ಲ. ಕೊಲೆ ಕಥೆಗೆ ಯಾವ ಕೋರ್ಟು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಟೈಪಿಸ್ಟ್ ತಾನಾಗಿ ಒಂದು ಪದ ಸೇರಿಸಿದವಳೂ ಅಲ್ಲ, ಬಿಟ್ಟವಳೂ ಅಲ್ಲ. ಎದುರು ಪಕ್ಷದ ವಕೀಲರು ಕೂಡ ಅವಳು ಟೈಪ್ ಮಾಡಿದ ಕಾಗದವನ್ನು ಅನುಮಾನಿಸುತ್ತಿರಲಿಲ್ಲ.

ಮೊದಲ ಎರಡು ಪುಸ್ತಕ ಚೆನ್ನಾಗಿಯೇ ಓಡಿದವು. ಹಳೆಯ ಸಹೋದ್ಯೋಗಿಗಳು ಸಿಕ್ಕಲ್ಲೆಲ್ಲ ಕಾಲೆಳೆದರು. ಇಷ್ಟು ವರ್ಷ ಕೊಲೆಗಾರರನ್ನು ಬಿಡಿಸಿ ಬೇಸರವಾಗಿ ಈಗ ಸ್ವತಃ ಕೊಲೆಗೆ ಕೈಹಾಕಿದ್ದಾಳೆ ಎಂದು ಒಬ್ಬರು. ಅವಳ ಗಂಡನಂತೂ ಮನೆಗೆ ಬಂದವರಿಗೆಲ್ಲ, ಸ್ವಲ್ಪ ಕೂತಿರಿ, ಊಟದೊಳಗೆ ಇಬ್ಬರನ್ನು ಮುಗಿಸಿ ಬರುತ್ತಾಳೆ ಎಂದು ಹೇಳುತ್ತಿದ್ದ. ವಕೀಲೆಗೆ ಇದೆಲ್ಲ ಒಳಗೊಳಗೇ ಹಿತವಾಗಿತ್ತು.

ಮೂರನೆಯದು ಬೇರೆಯೇ ಎತ್ತರಕ್ಕೆ ಹೋಯಿತು. ಅದು ಅಕ್ಕ ತಂಗಿಯರ ಕಥೆ. ಮೊದಲ ಅಧ್ಯಾಯದಲ್ಲೇ, ಬಿರುಗಾಳಿ ಏಳುವ ಒಂದು ಸಂಜೆ, ಒಣಗಿದ ಬಟ್ಟೆ ತರಲು ಅಕ್ಕ ತಾರಸಿಗೆ ಹೋಗುತ್ತಾಳೆ. ತಂಗಿ ಒಳಗಿನಿಂದ ಬಾಗಿಲಿಗೆ ಚಿಲಕ ಹಾಕುತ್ತಾಳೆ. ಅಕ್ಕ ಬಾಗಿಲು ತಟ್ಟುತ್ತಾಳೆ, ಕೂಗುತ್ತಾಳೆ. ಆ ಸದ್ದು ತನಗೆ ಕೇಳಿಸಬಾರದೆಂದು ತಂಗಿ ಬಚ್ಚಲಿಗೆ ಹೋಗಿ ನಲ್ಲಿಯನ್ನು ಪೂರ್ತಿ ತಿರುಗಿಸಿ, ಬಕೀಟು ತುಂಬಿ ಚೆಲ್ಲುವುದನ್ನು ನೋಡುತ್ತ ನಿಲ್ಲುತ್ತಾಳೆ. ಅಕ್ಕ ಪಕ್ಕದ ಮನೆಯ ಕಿಟಕಿ ಮೇಲಿನ ಸಜ್ಜೆಗೆ ಇಳಿಯಲು ಹೋಗಿ ಬೀಳುತ್ತಾಳೆ. ತಂಗಿ ಸದ್ದಿಲ್ಲದೆ ಚಿಲಕ ತೆಗೆದಿಡುತ್ತಾಳೆ. ಹೀಗೇ ಆಗಲಿ ಎಂದು ತಂಗಿ ಮೊದಲೇ ಹೊಂಚಿದ್ದಳೆಂಬುದು ಕೊನೆಯ ಅಧ್ಯಾಯದಲ್ಲಿ ಹೊರಬೀಳುವ ಗುಟ್ಟು.

ಆ ಪುಟ ಬರೆಸಿದ ದಿನ ಟೈಪ್‌ರೈಟರಿನ ಕೀಲಿಗಳ ಸದ್ದು ಒಂದು ಗಳಿಗೆ ನಿಂತಿತ್ತು. ವಕೀಲೆ ತಿರುಗಿ ಏನಾಯಿತೆಂದು ಕೇಳಿದ್ದಳು. "ಏನಿಲ್ಲ ಮೇಡಂ. ನಲ್ಲಿ ತಿರುಗಿಸಿದಳು ಅನ್ನೋದಾದಮೇಲೆ ಅಲ್ಪವಿರಾಮನಾ?" "ಪೂರ್ಣವಿರಾಮ," ಎಂದಿದ್ದಳು ವಕೀಲೆ. ಟೈಪಿಸ್ಟ್ ಪುಟವನ್ನು ಓದಿ ಹೇಳಿದಳು. ವಕೀಲೆ ಕಣ್ಣು ಮುಚ್ಚಿ ಕೇಳಿಸಿಕೊಂಡು, ತನ್ನ ಮಾತಿಗೆ ತಾನೇ ಮರುಳಾಗಿ, "ಇನ್ನೊಂದು ಸಲ ಓದು," ಎಂದಳು. ಟೈಪಿಸ್ಟ್ ಇನ್ನೊಂದು ಸಲ ಓದಿದಳು.

ಪುಸ್ತಕ ಬಂದಮೇಲೆ ಎಲ್ಲಿ ಹೋದರೂ ಆ ನಲ್ಲಿಯದೇ ಮಾತು. ಓದುಗರ ಸಭೆಯೊಂದರಲ್ಲಿ ಕನ್ನಡಕದ ಉಪಾಧ್ಯಾಯಿನಿಯೊಬ್ಬರು ಎದ್ದುನಿಂತು, ಕೊಲೆ ಮರೆತುಹೋಗಬಹುದು, ನಲ್ಲಿ ಮರೆಯುವುದಿಲ್ಲ, ಅದು ನಿಮಗೆ ಎಲ್ಲಿ ಸಿಕ್ಕಿತು ಎಂದು ಕೇಳಿದರು. ವಕೀಲೆ ಸ್ವಲ್ಪ ಸುಮ್ಮನಿದ್ದು, "ಕೆಲವು ಹುಡುಕಿದರೆ ಸಿಗೋದಿಲ್ಲ. ತಾವಾಗೇ ಬರ್ತವೆ," ಎಂದಳು. ಚಪ್ಪಾಳೆ ಬಿತ್ತು. ಆ ಉತ್ತರ ಅವಳಿಗೇ ಎಷ್ಟು ಹಿಡಿಸಿತೆಂದರೆ ಮತ್ತೆ ಮೂರು ಸಭೆಗಳಲ್ಲಿ, ಅದೇ ಜಾಗದಲ್ಲಿ ಅಷ್ಟೇ ಹೊತ್ತು ತಡೆದು, ಅದನ್ನೇ ಹೇಳಿದಳು. ಎಲ್ಲ ಸಭೆಗೂ ಟೈಪಿಸ್ಟ್ ಬರುತ್ತಿದ್ದಳು. ಮೂರನೇ ಸಾಲಿನಲ್ಲಿ, ಮೇಡಂಗೆ ನೀರಿನ ಬಾಟಲಿ ಇಟ್ಟುಕೊಂಡ ಚೀಲವನ್ನು ತೊಡೆಯ ಮೇಲಿಟ್ಟು ಕುಳಿತಿರುತ್ತಿದ್ದಳು.

ಟೈಪಿಸ್ಟಿನ ತಾಯಿಗೆ ಎಪ್ಪತ್ತೊಂಬತ್ತು. ಆರು ವರ್ಷದಿಂದ ಕಣ್ಣು ಕಾಣದು. ದಿನಾ ಸಂಜೆ ಕೆಲಸ ಮುಗಿಸಿ ಹೋದ ಮಗಳು ಏನಾದರೂ ಓದಿ ಹೇಳಬೇಕು. ಮೊದಲೆರಡು ಕಾದಂಬರಿಗಳನ್ನು ಆಕೆ ಎರಡೆರಡು ಸಲ ಓದಿಸಿಕೊಂಡು, ಅರ್ಧದಲ್ಲೇ ಕೊಲೆಗಾರನನ್ನು ಹಿಡಿದು, ವಕೀಲಮ್ಮ ಇನ್ನೂ ಸ್ವಲ್ಪ ಬಚ್ಚಿಡಬೇಕಿತ್ತು ಎಂದು ಹೇಳಿಕಳಿಸಿದ್ದರು. ಒಂದು ಶನಿವಾರ ಆ ತಾಯಿಯದೇ ಫೋನು. ಮೂರನೇ ಪುಸ್ತಕ ಬಂತೆಂದು ರೇಡಿಯೋದಲ್ಲಿ ಹೇಳಿದರಂತೆ, ಎರಡು ತಿಂಗಳಾಯಿತಂತೆ; ನಮ್ಮ ಪುಟ್ಟಿಯನ್ನು ಕೇಳಿದರೆ ಇನ್ನೂ ಅಚ್ಚಿಗೇ ಹೋಗಿಲ್ಲ ಅನ್ನುತ್ತಾಳೆ, ಇದರಲ್ಲಿ ಯಾವುದು ನಿಜ? ವಕೀಲೆ ನಕ್ಕಳು. ಹಗಲೆಲ್ಲ ಟೈಪ್ ಮಾಡಿದ್ದನ್ನೇ ಸಂಜೆಯೂ ಓದಬೇಕೆಂದರೆ ಯಾರಿಗಾದರೂ ಸಾಕಾಗುತ್ತದೆ, ಪಾಪ, ಎಂದುಕೊಂಡಳು. ನಾಳೆ ತಾನೇ ಬಂದು ಓದುತ್ತೇನೆ ಎಂದಳು. ಬರೆದವಳೇ ಮನೆಗೆ ಹೋಗಿ ಓದುವುದೆಂದರೆ ಎಂಥ ದೊಡ್ಡತನ ಎಂಬ ಭಾವವೂ ಜೊತೆಗೆ ಸುಳಿಯದೆ ಇರಲಿಲ್ಲ.

ಭಾನುವಾರ ಮಧ್ಯಾಹ್ನ ಬಾಗಿಲು ತೆಗೆದ ಟೈಪಿಸ್ಟ್ ಮೊದಲು ನೋಡಿದ್ದು ಮೇಡಂ ಮುಖವನ್ನಲ್ಲ, ಕೈಯಲ್ಲಿದ್ದ ಪುಸ್ತಕವನ್ನು. "ಅಮ್ಮ ಮಲಗಿದ್ದಾರೆ," ಎಂದಳು.

"ಯಾರೇ ಮಲಗಿರೋರು?" ಒಳಗಿನಿಂದ ದನಿ ಬಂತು. "ಬೆಳಗ್ಗೆಯಿಂದ ತಲೆ ಬಾಚಿಕೊಂಡು ಕೂತಿದೀನಿ. ಬನ್ನಿ ವಕೀಲಮ್ಮ, ಇವಳ ಮಾತು ಕೇಳಬೇಡಿ."

ಎರಡೇ ಕೋಣೆಯ ಮನೆ. ಮಂಚದ ಎದುರು ಒಂದು ಕುರ್ಚಿ, ಅದರ ಮೇಲ್ಗಡೆ ಗೋಡೆಯಲ್ಲಿ ಜಡೆ ಮುಂದಕ್ಕೆ ಹಾಕಿಕೊಂಡ ಹುಡುಗಿಯ ಫೋಟೋ. ಹಿಂದೆ ಬಂದಾಗಲೂ ವಕೀಲೆ ಅದನ್ನು ನೋಡಿದ್ದಳು, ಕೇಳಿರಲಿಲ್ಲ. ಕುರ್ಚಿ ಕಿರ್ರೆಂದದ್ದಕ್ಕೆ ಮುದುಕಿ, ನಿಮ್ಮ ತಲೆ ಮೇಲಿರುವವಳು ನಮ್ಮ ದೊಡ್ಡೋಳು, ಹೋಗಿ ಮೂವತ್ತೊಂದು ವರ್ಷ ಎಂದರು. ವಕೀಲೆ "ಹೌದಾ," ಎಂದು ಮರುಕದ ದನಿ ಮಾಡಿ, ಪುಸ್ತಕ ಬಿಚ್ಚಿದಳು. ಟೈಪಿಸ್ಟ್ ಪಾತ್ರೆ ತೊಳೆಯುವುದಿದೆ ಎಂದು ಅಡುಗೆಮನೆಗೆ ಹೋದಳು.

ವಕೀಲೆ ಚೆನ್ನಾಗಿ ಓದಿದಳು. ನ್ಯಾಯಾಧೀಶರನ್ನು ತೂಕಡಿಸಲು ಬಿಡದ ದನಿ ಅದು. ಗಾಳಿ ಎದ್ದಿತು, ಕಿಟಕಿಗಳು ಬಡಿದವು, ಅಕ್ಕ ಮೆಟ್ಟಿಲು ಹತ್ತಿದಳು. ಮುದುಕಿಯ ಕೈ ಹೊದಿಕೆಯ ಅಂಚನ್ನು ಹಿಡಿದು ನಿಂತುಬಿಟ್ಟಿತು.

"ಬಟ್ಟೆ ತರೋಕೆ ಯಾರು ಕಳಿಸಿದ್ದು?" ಎಂದು ಕೇಳಿದರು.

ಕಥೆ ಹಿಡಿದುಕೊಂಡಿತು ಎಂದು ವಕೀಲೆಗೆ ಖುಷಿಯಾಯಿತು. "ಅವರ ಅಮ್ಮ," ಎಂದು ಮುಂದಿನ ಸಾಲಿಗೆ ಬಂದಳು. ತಂಗಿ ಚಿಲಕಕ್ಕೆ ಕೈ ಹಾಕುವ ಸಾಲು ಅದು.

ಆಗ ಅಡುಗೆಮನೆಯಲ್ಲಿ ನಲ್ಲಿ ಪೂರ್ತಿ ತಿರುಗಿದ ಸದ್ದು ಬಂತು. ಪಾತ್ರೆಯ ಸದ್ದಿಲ್ಲ, ಕೈ ಆಡಿದ ಸದ್ದಿಲ್ಲ. ಬರಿಯ ನೀರು, ತೊಟ್ಟಿಗೆ ಬಡಿಯುತ್ತ, ಭೋರೆಂದು.

ವಕೀಲೆಗೆ ಒಂದು ಬೆಂಚು ಕಣ್ಣಮುಂದೆ ಬಂತು. ಕೋರ್ಟಿನ ಉದ್ದನೆಯ ಪಡಸಾಲೆ, ತೀರ್ಪಿಗೆ ಕಾಯುತ್ತಿದ್ದ ಒಂದು ಮಧ್ಯಾಹ್ನ. ಹದಿನೆಂಟು ವರ್ಷದ ಹಿಂದಿನ ಮಾತು. ಪಕ್ಕದಲ್ಲಿ ಟೈಪಿಸ್ಟ್, ಆಗಿನ್ನೂ ಕಿರಿಯಳು, ಕಡತದ ದಾರವನ್ನು ಬಿಚ್ಚಿ ಕಟ್ಟಿ ಮಾಡುತ್ತ ಕೇಳಿದ್ದಳು: ಮೇಡಂ, ಸಿಟ್ಟಿನಲ್ಲಿ ಒಂದು ಬಾಗಿಲು ಹಾಕಿದರೆ ಅದಕ್ಕೆ ಶಿಕ್ಷೆ ಇದೆಯಾ? ಆಮೇಲೆ ಎಲ್ಲ ಹೇಳಿದ್ದಳು. ತನ್ನ ಅಕ್ಕ ಕೇಳದೆ ಕಟ್ಟಿಕೊಂಡು ಹೋದ ಕೈಗಡಿಯಾರಕ್ಕೆ ನಡೆದ ಜಗಳ. ಚಿಲಕ. ನಲ್ಲಿ. ಐದೇ ನಿಮಿಷ ಅಂದುಕೊಂಡದ್ದು. ಜನ ಓಡಿಬರುವಷ್ಟರಲ್ಲಿ ಚಿಲಕ ತೆಗೆದದ್ದು, ಹಾರಿಹೋಗುತ್ತಿದ್ದ ಬಟ್ಟೆ ಹಿಡಿಯಲು ಬಗ್ಗಿ ಬಿದ್ದಳೆಂದು ಎಲ್ಲರೂ ನಂಬಿದ್ದು. ವಕೀಲೆಯ ಮನಸ್ಸೆಲ್ಲ ತೀರ್ಪಿನ ಮೇಲಿತ್ತು. ಬಾಗಿಲ ಕಡೆ ನೋಡುತ್ತಲೇ, ಉದ್ದೇಶ ಇರಲಿಲ್ಲ, ಅಪರಾಧ ಅಲ್ಲ, ಮರೆತುಬಿಡು ಎಂದಿದ್ದಳು. ಅಷ್ಟರಲ್ಲಿ ಒಳಗೆ ಕರೆದರು. ಕೇಸು ಗೆದ್ದಳು.

ಮರೆತುಬಿಡು ಎಂದವಳು ತಾನು. ಮರೆತವಳೂ ತಾನೇ. ಆಮೇಲೆ ಒಂದು ದಿನ ಅದು ತಲೆಗೆ ತಾನಾಗೇ ಬಂತೆಂದು ಹಿಗ್ಗಿ, ಆ ತಂಗಿಯ ಬಾಯಲ್ಲೇ ಎರಡು ಸಲ ಓದಿಸಿ, ಕಣ್ಣುಮುಚ್ಚಿ ಸವಿದವಳೂ ತಾನೇ.

"ಹೂಂ, ಆಮೇಲೆ?" ಎಂದರು ಮುದುಕಿ.

ವಕೀಲೆ ಪುಸ್ತಕದತ್ತ ನೋಡುತ್ತಲೇ, ಪುಸ್ತಕದಲ್ಲಿ ಇಲ್ಲದ್ದನ್ನು ಓದತೊಡಗಿದಳು. ತಂಗಿಯೂ ತಾರಸಿಗೆ ಹೋದಳು. ಇಬ್ಬರೂ ಸೇರಿ ಬಟ್ಟೆ ಮಡಚಿದರು. ಕೆಳಗೆ ಬಂದರೆ, ಬಂದರೆ... ಬೀರುವಿನಲ್ಲಿದ್ದ ಗಡಿಯಾರ ಕಾಣೆಯಾಗಿತ್ತು. ಮೂವತ್ತು ವರ್ಷ ಕೋರ್ಟಿನಲ್ಲಿ ಒಮ್ಮೆಯೂ ತಡವರಿಸದ ನಾಲಿಗೆ ಸಾಲುಸಾಲಿಗೂ ಎಡವಿತು. ಪುಟ ಮಗುಚುವುದನ್ನೂ ಮರೆತು, ನಡುವೆ ನೆನಪಾಗಿ ಎರಡು ಪುಟ ಒಟ್ಟಿಗೆ ಮಗುಚಿದಳು. ಅಡುಗೆಮನೆಯ ನಲ್ಲಿ ಯಾವಾಗ ನಿಂತಿತೋ ತಿಳಿಯಲಿಲ್ಲ. ನಿಂತ ಮೇಲಿನ ಮೌನದಲ್ಲಿ ತನ್ನ ಸುಳ್ಳನ್ನು ಟೈಪಿಸ್ಟ್ ಪದಪದವಾಗಿ ಕೇಳಿಸಿಕೊಳ್ಳುತ್ತಿದ್ದಾಳೆಂಬುದು ಮಾತ್ರ ತಿಳಿಯಿತು.

ಅಧ್ಯಾಯ ಹೇಗೋ ಮುಗಿಯಿತು. "ಕೊಲೆ ಯಾವಾಗ?" ಎಂದರು ಮುದುಕಿ.

"ಮುಂದೆ ಇದೆ, ಅಮ್ಮ."

"ಬೇಗ ಮಾಡಿ. ನನಗೇನು ಹದಿನೆಂಟಾ ಕಾಯೋಕೆ?" ಮುದುಕಿ ಬೊಚ್ಚುಬಾಯಲ್ಲಿ ನಕ್ಕರು. ಹಿಂದಿನ ಎರಡರಷ್ಟು ಇದು ಬಿಗಿಯಾಗಿಲ್ಲ, ಬೇಜಾರು ಮಾಡಿಕೊಳ್ಳಬೇಡಿ ಎಂದರು. ಆಮೇಲೆ ನಗು ಆರಿ, ಗೋಡೆಯ ಕಡೆ ಮುಖ ಎತ್ತಿ, ನಮ್ಮ ದೊಡ್ಡೋಳನ್ನೂ ನಾನೇ ಕಳಿಸಿದ್ದೆ, ಬಟ್ಟೆ ತಗೊಂಡು ಬಾ ಅಂತ; ಅಂಥ ಗಾಳಿಯಲ್ಲಿ ಯಾರಾದರೂ ಕಳಿಸುತ್ತಾರಾ, ನಾಲ್ಕು ಬಟ್ಟೆಗೋಸ್ಕರ, ಎಂದರು. ಸಾವಿರ ಸಲ ಹೇಳಿ ನುಣುಪಾದ ಮಾತಿನಂತಿತ್ತು ಅದು.

ಟೈಪಿಸ್ಟ್ ರಸ್ತೆಯವರೆಗೆ ಕಳಿಸಲು ಬಂದಳು. ಗೇಟಿನ ಹತ್ತಿರ ಇಬ್ಬರೂ ನಿಂತರು. ಎದುರು ಮನೆಯವರು ಸೈಕಲ್ ತೊಳೆಯುತ್ತಿದ್ದರು. ವಕೀಲೆ ಪುಸ್ತಕವನ್ನು ಚೀಲದ ತಳಕ್ಕೆ ತುರುಕಿದ್ದಳು; ಆದರೂ ಅದರ ಮೂಲೆ ಹೊರಗೆ ಕಾಣುತ್ತಿತ್ತು.

"ಟೈಪ್ ಮಾಡುವಾಗಲೇ ಯಾಕೆ ಹೇಳಲಿಲ್ಲ?" ಎಂದಳು. ಕೇಳುತ್ತಿದ್ದಂತೆಯೇ, ತಪ್ಪನ್ನು ಸಾಕ್ಷಿಯ ಮೇಲೆ ಹೊರಿಸುವ ತನ್ನ ಹಳೆಯ ಚಾಳಿ ಅವಳಿಗೇ ಕೇಳಿಸಿತು.

"ನೀವು ಬೇಕಂತಲೇ ಬರೆಸ್ತಿದೀರಿ ಅಂದ್ಕೊಂಡೆ," ಎಂದಳು ಟೈಪಿಸ್ಟ್. ಓದಿ ಹೇಳುವಾಗಿನ ಅದೇ ದನಿ. "ಅವತ್ತು ಅಪರಾಧ ಅಲ್ಲ ಅಂದ್ರಿ. ಆ ಮಾತು ಹಿಡ್ಕೊಂಡೇ ಇಷ್ಟು ವರ್ಷ ಕಳೆದೆ, ಮೇಡಂ. ಈಗ ನೋಡಿದ್ರೆ ಕಥೇಲಿ ಅವಳು ಹೊಂಚುಹಾಕಿ ಕೊಂದಳು ಅಂತ ಬರೆಸಿದ್ರಿ. ಅವತ್ತು ನನ್ನ ಮುಖ ನೋಡಿ ಹಾಗಂದಿದ್ರಿ, ಮನಸ್ಸಲ್ಲಿ ಇದ್ದಿದ್ದು ಇದು ಅಂದ್ಕೊಂಡೆ. ಈಗ ತೀರ್ಪು ಬಂತು ಅಂತ ಟೈಪ್ ಮಾಡಿದೆ."

ಅವತ್ತು ತಾನು ಅವಳ ಮುಖವನ್ನೂ ನೋಡಿರಲಿಲ್ಲ. ವಕೀಲೆಗೆ ಹೇಳಲು ಒಂದು ಒಳ್ಳೆಯ ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು: ನಿನ್ನ ನೋವು ನನ್ನನ್ನು ಇಷ್ಟು ವರ್ಷ ಕಾಡಿತು, ಅದಕ್ಕೇ ಬರೆದೆ. ಟೈಪಿಸ್ಟ್ ನಂಬಿಯೂಬಿಡುತ್ತಿದ್ದಳು.

"ಮರೆತುಬಿಟ್ಟಿದ್ದೆ," ಎಂದಳು.

"ಪೂರ್ತಿನಾ?"

"ಪೂರ್ತಿ. ನನ್ನದೇ ಕಲ್ಪನೆ ಅಂದ್ಕೊಂಡಿದ್ದೆ."

ಟೈಪಿಸ್ಟ್ ಗೇಟಿನ ಬಣ್ಣ ಎದ್ದ ಜಾಗವನ್ನು ಉಗುರಿನಿಂದ ಕೆರೆದಳು. ಬೈಯಲಿಲ್ಲ, ಅಳಲಿಲ್ಲ. ಹಾಗಾದರೆ ಅದು ತೀರ್ಪಲ್ಲ ಎಂದು ತನ್ನಷ್ಟಕ್ಕೆ ಹೇಳಿಕೊಂಡಳು. "ನನಗೆ ಅದು ದಿನಾ ಇರುತ್ತೆ, ಮೇಡಂ," ಎಂದಳು.

ಪುಸ್ತಕವನ್ನು ಹಿಂದಕ್ಕೆ ಪಡೆಯುತ್ತೇನೆ ಎಂದಳು ವಕೀಲೆ. ಬೇಡವೆಂದಳು ಟೈಪಿಸ್ಟ್, ಕಾರಣ ಹೇಳದೆ ಹಿಂದಕ್ಕೆ ಪಡೆದರೆ ಅನುಮಾನ ದಪ್ಪವಾಗುತ್ತದೆಂದು ಕಕ್ಷಿಗಾರರಿಗೆ ನೀವೇ ಹೇಳುತ್ತಿದ್ದಿರಲ್ಲ, ಕಾರಣ ಹೇಳುವುದಾದರೆ ಏನೆಂದು ಹೇಳುತ್ತೀರಿ? ಅದಿರಲಿ, ನಾಳೆ ಸಂಜೆ ಅಮ್ಮ ಮುಂದಿನ ಭಾಗ ಕೇಳುತ್ತಾರೆ, ನಾನು ಏನು ಓದಲಿ ಎಂದಳು. ನಾಲ್ಕು ದಿನ ಅಮ್ಮನಿಗೆ ಏನಾದರೂ ನೆಪ ಹೇಳು, ಅಷ್ಟರಲ್ಲಿ ಬೇರೆ ಮಾಡೋಣ, ಮೊದಲಿನಿಂದ, ನಿಮ್ಮಮ್ಮನಿಗೆ ಮಾತ್ರ ಎಂದಳು ವಕೀಲೆ.

"ಹಾಗಾದ್ರೆ ಒಂದೇ ಕಾಪಿ," ಎಂದಳು ಟೈಪಿಸ್ಟ್.

ಮರುದಿನ ಬೆಳಗ್ಗೆ ಕೆಲಸ ಶುರುವಾಯಿತು. ಕಾಣೆಯಾದ ಗಡಿಯಾರದ ಕಥೆ. ವಕೀಲೆ ಓಡಾಡುತ್ತ ಹೇಳಿದಳು, ಆದರೆ ಪ್ರತಿ ವಾಕ್ಯಕ್ಕೂ ಎದುರಿಗಿದ್ದ ಬೆನ್ನಿನ ಕಡೆ ನೋಡಿ ಹೆದರುತ್ತಿದ್ದಳು. ಇಷ್ಟು ವರ್ಷ ನೋಡಿದ ಬೆನ್ನು. ಬಲ ಭುಜ ಎಡದಕ್ಕಿಂತ ಕೆಳಗಿದೆ ಎಂದು ಈಗ ಕಂಡಿತು. ಕತ್ತಿನ ಹತ್ತಿರದ ಕೂದಲೆಲ್ಲ ಬೆಳ್ಳಗಾಗಿತ್ತು. ಪುಟ ಮುಗಿದಾಗ ಅಭ್ಯಾಸದಂತೆ ಕಿಟಕಿಗೆ ತಿರುಗಿದಳು. "ಓದಿ" ಎಂದವಳು ಅಲ್ಲಿಗೇ ತಡೆದು, ಈ ಕಡೆ ತಿರುಗಿ ಪುಟಕ್ಕೆ ಕೈ ಚಾಚಿದಳು. "ಬೇಡ, ನಾನೇ ನೋಡ್ಕೋತೀನಿ," ಎಂದಳು.

ನಾಲ್ಕನೆಯ ದಿನ ಮೊದಲ ಅಧ್ಯಾಯದ ಪುಟಗಳು ಮೇಜಿನ ಮೇಲೆ ಬಂದವು. ವಕೀಲೆ ಪೆನ್ನು ಹಿಡಿದು ಓದುತ್ತ ಹೋದಳು. ಮೂರನೇ ಪುಟದಲ್ಲಿ, ಇಬ್ಬರೂ ಸೇರಿ ಬಟ್ಟೆ ಮಡಚಿದ ಸಾಲು ಇರಲಿಲ್ಲ. ಅದರ ಜಾಗದಲ್ಲಿ ತಾನು ಹೇಳದ ಒಂದು ಪ್ಯಾರಾ ಇತ್ತು.

"ಅಕ್ಕ ಕೇಳದೆ ಗಡಿಯಾರ ಕಟ್ಟಿಕೊಂಡದ್ದಕ್ಕೆ ತಂಗಿಗೆ ಸಿಟ್ಟು ಬಂದಿತ್ತು. ಅಕ್ಕ ತಾರಸಿಗೆ ಹೋದಾಗ ಬಾಗಿಲಿಗೆ ಒಳಗಿನಿಂದ ಚಿಲಕ ಹಾಕಿದಳು. ಅಕ್ಕ ತಟ್ಟಿದಳು. ಸದ್ದು ಕೇಳಿಸಬಾರದೆಂದು ತಂಗಿ ನಲ್ಲಿ ತಿರುಗಿಸಿದಳು. ಐದು ನಿಮಿಷ ಅಂದುಕೊಂಡಿದ್ದಳು. ಆಮೇಲೆ ಆದದ್ದನ್ನು ಯಾರಿಗೂ ಹೇಳಲಿಲ್ಲ. ಅಮ್ಮ ಬಟ್ಟೆ ತರಲು ಕಳಿಸಿದ್ದಕ್ಕೂ ಇದಕ್ಕೂ ಸಂಬಂಧವಿಲ್ಲ."

ಕೊನೆಯ ಸಾಲು ಒರಟಾಗಿದೆ, ತೆಗೆದರೆ ಪ್ಯಾರಾ ಬಿಗಿಯಾಗುತ್ತದೆ ಎಂದು ಪೆನ್ನು ಕಾಗದದ ಮೇಲೆ ಇಳಿದೇಬಿಟ್ಟಿತ್ತು. ವಕೀಲೆ ತನ್ನ ಕೈಯನ್ನು ನೋಡಿದಳು. ನಾಚಿಕೆಯಿಂದ ಅದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ. ಟೈಪಿಸ್ಟ್ ಎದುರಿಗೇ ನಿಂತಿದ್ದಳು, ಸಹಿ ಬೇಕಾದ ಕಾಗದ ಹಿಡಿದು ಯಾವಾಗಲೂ ನಿಲ್ಲುವ ಜಾಗದಲ್ಲಿ.

"ಮೂವತ್ತೊಂದು ವರ್ಷದಿಂದ ಹೇಳೋಕೆ ಹೋಗ್ತೀನಿ, ಬಾಯಿ ಬರಲ್ಲ," ಎಂದಳು. "ಓದೋಕಾದ್ರೆ ಬರಬಹುದು. ಓದೋದು ಅಭ್ಯಾಸ ಇದೆ."

"ಅಮ್ಮ ತಡ್ಕೋತಾರಾ?"

"ಗೊತ್ತಿಲ್ಲ. ನಾನೇ ಕಳಿಸಿದೆ, ನಾನೇ ಕಳಿಸಿದೆ ಅಂತ ಅವರು ಹೇಳೋದನ್ನ ನನಗೆ ತಡ್ಕೊಳ್ಳೋಕಾಗ್ತಿಲ್ಲ."

ವಕೀಲೆ ಆ ಪ್ಯಾರಾದ ಪಕ್ಕದ ಅಂಚಿನಲ್ಲಿ ಚಿಕ್ಕ ಸಹಿ ಹಾಕಿದಳು. ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಸಂಜೆ ತಾನೂ ಬರಲೇ ಎಂದು ಕೇಳಿದಳು.

"ಬೇಡ ಮೇಡಂ," ಎಂದಳು ಟೈಪಿಸ್ಟ್, ಪುಟಗಳನ್ನು ಚೀಲಕ್ಕೆ ಹಾಕಿಕೊಳ್ಳುತ್ತ.

ಆ ಸಂಜೆ ಕೋಣೆಯಲ್ಲಿ ಒಬ್ಬಳೇ ಕುಳಿತ ವಕೀಲೆ, ಮತ್ತೊಂದು ಸಭೆಯ ಆಹ್ವಾನಕ್ಕೆ ಉತ್ತರ ಬರೆಯಲು ಹೋದಳು. ನಲ್ಲಿಯ ದೃಶ್ಯದ ಬಗ್ಗೆಯೇ ಮಾತಾಡಬೇಕೆಂದು ಅವರು ಕೇಳಿದ್ದರು. "ಆ ದೃಶ್ಯ ನನ್ನದಲ್ಲ" ಎಂದು ಸ್ವಂತ ಕೈಯಲ್ಲಿ ಬರೆದಳು. ಯಾರದೆಂದು ಬರೆಯುವಂತಿರಲಿಲ್ಲ. ಆ ಹಾಳೆ ಹರಿದು, ಬರಲಾಗುವುದಿಲ್ಲ ಎಂದಷ್ಟೇ ಬರೆದು ಲಕೋಟೆಗೆ ಹಾಕಿದಳು.

ಮರುದಿನ ಟೈಪಿಸ್ಟ್ ಎಂದಿನ ಹೊತ್ತಿಗೆ ಬಂದಳು. ಚೀಲ ಇಟ್ಟಳು, ಕುರ್ಚಿ ಎಳೆದುಕೊಂಡಳು. ಕಣ್ಣು ಊದಿಕೊಂಡಿತ್ತು. ಕೇಳುವ ಹಕ್ಕು ತನಗಿಲ್ಲವೆಂದು ವಕೀಲೆ ಮೇಜಿನ ಮೇಲಿನ ಕಾಗದ ಜೋಡಿಸತೊಡಗಿದಳು.

"ಓದಿದೆ," ಎಂದಳು ಟೈಪಿಸ್ಟ್ ತಾನಾಗಿಯೇ. "ಇನ್ನೊಂದು ಸಲ ಓದು ಅಂದ್ರು. ಇನ್ನೊಂದು ಸಲ ಓದಿದೆ. ನನ್ನ ಮಣಿಕಟ್ಟು ಹಿಡ್ಕೊಂಡು, ಗಡಿಯಾರ ಕಟ್ಟೋ ಜಾಗ ಸವರ್ತಾ ಹಾಗೇ ಕೂತಿದ್ರು."

ಗಡಿಯಾರ ಕಟ್ಟುವ ಜಾಗ. ವಕೀಲೆಯ ಮನಸ್ಸಿನ ಒಂದು ಮೂಲೆ ಆಗಲೇ ಅದನ್ನು ಎತ್ತಿ, ಜೋಪಾನವಾಗಿ ಎಲ್ಲೋ ಇಟ್ಟುಕೊಂಡದ್ದು ಅವಳಿಗೆ ಗೊತ್ತಾಯಿತು. ಕಳ್ಳತನ ಮಾಡುತ್ತಿರುವಾಗಲೇ ಸಿಕ್ಕಿಬಿದ್ದವಳ ಹಾಗೆ ಮುಖ ತಗ್ಗಿಸಿದಳು.

"ಇದನ್ನ ಎಲ್ಲೂ ಬರೆಸಲ್ಲ," ಎಂದಳು.

ಟೈಪಿಸ್ಟ್ ಅವಳನ್ನು ಒಂದು ಗಳಿಗೆ ನೋಡಿದಳು. ಆಮೇಲೆ ಕೀಲಿಗಳ ಮೇಲೆ ಕೈಯಿಟ್ಟು ಕಾದಳು.

"ಬರೆಸಿದ್ರೂ ಟೈಪ್ ಮಾಡೋಳು ನಾನೇ ಅಲ್ವಾ, ಮೇಡಂ," ಎಂದಳು.